ರಸ್ತೆ ಮೂರು ಕಿಲೋಮೀಟರ್ ಕಮ್ಮಿಯಾದ ವರ್ಷ

ಇದು ಸ್ವಲ್ಪ ಉದ್ದದ ಬರಹ. ಟೈರು, ಮೀಟರು, ಮೈಲಿಕಲ್ಲು ಅಂತ ಶುರುವಾಗಿ ನಮ್ಮ ಮನೆಯ ಒಂದು ಹಳೇ ತಪ್ಪಿಗೆ ಬಂದು ನಿಲ್ಲುತ್ತೆ. ಗಾಡಿ ಇಟ್ಟುಕೊಂಡವರು, ಅದರಲ್ಲೂ ಗಾಡಿಗೆ ಡ್ರೈವರ್ ಇಟ್ಟುಕೊಂಡವರು, ಪುರುಸೊತ್ತು ಮಾಡಿಕೊಂಡು ಓದಿ.

ಈ ಸಲ ಮಳೆಗೆ ಮುಂಚೆ ತೋಟದ ಪಿಕಪ್‌ಗೆ ನಾಲ್ಕೂ ಟೈರ್ ಬದಲಿಸಿದೆ. ಮೊದಲಿದ್ದದ್ದು 215/75 ಆರ್ 15. ಒಳದಾರಿಯ ಕೆಸರಲ್ಲಿ ಹೊಟ್ಟೆ ತಾಗುತ್ತೆ ಅಂತ 235/75 ಆರ್ 15 ಹಾಕಿಸಿದೆ. ಗಾಡಿ ಒಂದಿಷ್ಟು ಮೇಲೆ ಬಂತು, ಹಿಡಿತವೂ ಚೆನ್ನಾಗಾಯ್ತು. ಎರಡು ತಿಂಗಳು ಕಳೆದ ಮೇಲೆ ಡೀಸೆಲ್ ಲೆಕ್ಕ ಬರೆಯುವಾಗ ನೋಡ್ತೀನಿ, ಲೀಟರಿಗೆ ಹನ್ನೆರಡೂವರೆ ಬರ್ತಿದ್ದದ್ದು ಹನ್ನೆರಡಕ್ಕೆ ಇಳಿದಿದೆ. ಮುಂದಿನ ತಿಂಗಳೂ ಅಷ್ಟೇ. ಗಾಡಿ ಓಡಿಸೋದು ಒಬ್ಬ ಹುಡುಗ, ನಾಲ್ಕು ವರ್ಷದಿಂದ ನಮ್ಮಲ್ಲೇ ಇದ್ದಾನೆ. ಸತ್ಯ ಹೇಳಬೇಕು ಅಂದ್ರೆ ನನ್ನ ತಲೆಗೆ ಮೊದಲು ಬಂದದ್ದು ಟೈರ್ ಅಲ್ಲ, ಆ ಹುಡುಗ. 'ಏನೋ, ಡೀಸೆಲ್ ಜಾಸ್ತಿ ಹೋಗ್ತಿದೆಯಲ್ಲ?' ಅಂತ ಕೇಳೋಣ ಎಂದು ಅಂಗಳಕ್ಕೂ ಬಂದೆ. ಅವನು ಗಾಡಿ ತೊಳೀತಿದ್ದ. ಹೊಸ ಟೈರಿನ ಪಕ್ಕದ ಅಂಕಿ ಕಣ್ಣಿಗೆ ಬಿತ್ತು. ಕೇಳದೆ ಒಳಗೆ ಹೋದೆ.

ಆ ಅಂಕಿಯ ಅರ್ಥ ಗೊತ್ತಿಲ್ಲದವರಿಗೆ ಹೇಳಿಬಿಡ್ತೀನಿ. 215 ಅಂದ್ರೆ ಟೈರಿನ ಅಗಲ, ಮಿಲಿಮೀಟರ್‌ನಲ್ಲಿ. 75 ಅಂದ್ರೆ ಆ ಅಗಲದ ನೂರಕ್ಕೆ 75 ಭಾಗ ಟೈರಿನ ಗೋಡೆಯ ಎತ್ತರ. 15 ಅಂದ್ರೆ ರಿಮ್ಮಿನ ವ್ಯಾಸ, ಇಂಚಿನಲ್ಲಿ. ಗೋಡೆ ಕೆಳಗೊಂದು ಮೇಲೊಂದು, ನಡುವೆ ರಿಮ್. ಕೂಡಿಸಿದರೆ ಹಳೇ ಟೈರಿನ ಎತ್ತರ 703 ಮಿಲಿಮೀಟರ್ ಚಿಲ್ಲರೆ, ಹೊಸದರದ್ದು 733 ಚಿಲ್ಲರೆ. ಮೂರು ಸೆಂಟಿಮೀಟರ್ ವ್ಯತ್ಯಾಸ. ನೂರಕ್ಕೆ ನಾಲ್ಕಕ್ಕಿಂತ ಸ್ವಲ್ಪ ಜಾಸ್ತಿ. ಟೈರ್ ಒಂದು ಸುತ್ತು ಹೊಡೆದರೆ ಈಗ ಮೊದಲಿಗಿಂತ ಅಷ್ಟು ಹೆಚ್ಚು ದೂರ ಹೋಗುತ್ತೆ. ಆದರೆ ಮೀಟರಿಗೆ ಅದು ಗೊತ್ತಿಲ್ಲ. ಅದು ಈಗಲೂ ಹಳೇ ಟೈರಿನ ಸುತ್ತನ್ನೇ ಎಣಿಸ್ತಾ ಕೂತಿದೆ. ಹನ್ನೆರಡೂವರೆ ಹನ್ನೆರಡಾಗೋದಕ್ಕೆ ಇಷ್ಟೇ ಸಾಕು.

ಮಾರನೇ ದಿನ ಕೊಟ್ಟಿಗೆಹಾರದಿಂದ ಮೂಡಿಗೆರೆಗೆ ಹೋಗುವಾಗ ಕಿಲೋಮೀಟರ್ ಕಲ್ಲು ನೋಡಿಕೊಂಡು ಓಡಿಸಿದೆ. ಹತ್ತು ಕಲ್ಲು ದಾಟುವಷ್ಟರಲ್ಲಿ ಮೀಟರ್ 9.6 ತೋರಿಸ್ತು. ಆಗ ನೆನಪಾಗಿದ್ದು ಅಪ್ಪನ ಜೀಪು. ಅಟ್ಟದ ಮೇಲೆ ಅದರ ಲಾಗ್‌ಬುಕ್ಕುಗಳು ಇನ್ನೂ ಇವೆ. ಅದಕ್ಕೆ ಬರ್ತೀನಿ. ಅದಕ್ಕೂ ಮುಂಚೆ, ನಮ್ಮ ಈ ಗುಡ್ಡಗಳಲ್ಲಿ ದೂರ ಅನ್ನೋದು ಅಂಕಿ ಆದದ್ದು ಹೇಗೆ ಅನ್ನೋದನ್ನ ಒಂಚೂರು ಹೇಳಬೇಕು. ಇಲ್ಲದಿದ್ದರೆ ಅಪ್ಪನ ತಪ್ಪೂ ನನ್ನ ತಪ್ಪೂ ಅರ್ಥ ಆಗೋದಿಲ್ಲ.

ನಮ್ಮಜ್ಜಿ ಕಾಲದವರು ದೂರವನ್ನ ಗಾಲಿಯಿಂದ ಅಳೆದವರಲ್ಲ. ಪಕ್ಕದ ಮನೆ ಕೂಗಳತೆ ದೂರ. ಬೇಲಿಯ ಉದ್ದ ಇಷ್ಟು ಮಾರು. ದೂರದ ಊರಾದರೆ ಹರದಾರಿ, ಇನ್ನೂ ದೂರವಾದರೆ ಗಾವುದ. ಹರದಾರಿ ಅಂದ್ರೆ ಸುಮಾರು ಮೂರು ಮೈಲಿ, ಗಾವುದ ಅಂದ್ರೆ ಸುಮಾರು ಹನ್ನೆರಡು ಮೈಲಿ ಅಂತ ನಿಘಂಟಿನಲ್ಲಿ ಸಿಗುತ್ತೆ. ನಿಜವಾಗಿ ಅವು ಮನುಷ್ಯನ ನಡಿಗೆಯ ಅಳತೆಗಳು. ಏರುದಾರಿಯ ಹರದಾರಿಯೂ ಬಯಲುಸೀಮೆಯ ಹರದಾರಿಯೂ ಒಂದೇ ಆಗಿರಲಿಲ್ಲ, ಆಗಬೇಕು ಅಂತ ಯಾರೂ ಜಗಳ ಆಡಿರಲಿಲ್ಲ. 'ಹೊತ್ತು ಮುಳುಗೋದರೊಳಗೆ ತಲುಪ್ತೀವಾ?' ಅನ್ನೋದಷ್ಟೇ ಪ್ರಶ್ನೆ.

1830ರ ಆಸುಪಾಸಿನಿಂದ ಯುರೋಪಿಯನ್ ಪ್ಲಾಂಟರ್‌ಗಳು ಚಿಕ್ಕಮಗಳೂರು ಸುತ್ತ ತೋಟ ಮಾಡೋಕೆ ಶುರು ಮಾಡಿದಾಗಲೂ ಕಾಫಿ ಘಟ್ಟ ಇಳಿದದ್ದು ಹೇರೆತ್ತಿನ ಬೆನ್ನ ಮೇಲೆ. ಎತ್ತಿಗೆ ಗಾಲಿ ಇಲ್ಲ. ಎಷ್ಟು ದಿನದ ದಾರಿ, ಎಲ್ಲೆಲ್ಲಿ ನೀರಿದೆ, ಎಲ್ಲಿ ಹೇರು ಇಳಿಸಬಹುದು, ಇಷ್ಟು ಗೊತ್ತಿದ್ದರೆ ಸಾಕಿತ್ತು. ಬಾಡಿಗೆಯೂ ಹೇರಿನ ಲೆಕ್ಕವೇ ಹೊರತು ಮೈಲಿಯ ಲೆಕ್ಕ ಅಲ್ಲ.

ಗಾಲಿಯಿಂದ ದೂರ ಅಳೆಯೋ ಉಪಾಯ ಮಾತ್ರ ಬಹಳ ಹಳೇದು. ಕ್ರಿಸ್ತಪೂರ್ವ ಮೊದಲ ಶತಮಾನದ ರೋಮಿನ ಎಂಜಿನಿಯರ್ ವಿಟ್ರೂವಿಯಸ್ ತನ್ನ ಪುಸ್ತಕದಲ್ಲಿ ಒಂದು ಗಾಡಿ ವಿವರಿಸಿದ್ದಾನೆ. ನಾಲ್ಕು ಅಡಿ ವ್ಯಾಸದ ಗಾಲಿ. ಒಂದು ಸುತ್ತಿಗೆ ಹನ್ನೆರಡೂವರೆ ಅಡಿ. ನಾನೂರು ಸುತ್ತಿಗೆ ಐದು ಸಾವಿರ ಅಡಿ, ಅಂದ್ರೆ ಒಂದು ರೋಮನ್ ಮೈಲಿ. ಹಲ್ಲುಚಕ್ರಗಳು ಸುತ್ತಿ ಸುತ್ತಿ, ಮೈಲಿ ಮುಗಿದಾಗ ಒಂದು ಕಲ್ಲು ಕಂಚಿನ ಪಾತ್ರೆಗೆ ಠಣ್ ಅಂತ ಬೀಳುತ್ತೆ. ಸಂಜೆ ಕಲ್ಲು ಎಣಿಸಿದರೆ ಎಷ್ಟು ಮೈಲಿ ಬಂದೆವು ಅಂತ ಗೊತ್ತಾಗುತ್ತೆ. ಇವತ್ತಿನ ನಮ್ಮ ಗಾಡಿಯ ಮೀಟರು ಇದೇ. ಕಲ್ಲಿನ ಬದಲು ಅಂಕಿ ಬೀಳುತ್ತೆ ಅಷ್ಟೆ. ಒಂದು ವಿಷಯ ಗಮನಿಸಿ: ಆ ಗಾಡಿ ದಾರಿಯನ್ನ ಅಳೆಯೋದಿಲ್ಲ, ತನ್ನ ಗಾಲಿಯ ಸುತ್ತನ್ನ ಎಣಿಸುತ್ತೆ. ಗಾಲಿ ನಾಲ್ಕು ಅಡಿ ಅಂತ ಯಾರೋ ಮೊದಲೇ ತೀರ್ಮಾನ ಮಾಡಿಟ್ಟಿದ್ದಾರೆ. ಗಾಲಿ ಬದಲಾದರೂ ಕಲ್ಲು ಠಣ್ ಅಂತಲೇ ಬೀಳುತ್ತೆ.

ನಮ್ಮ ಕಡೆಗೆ ಇಂಥ ಗಾಲಿ ಬಂದದ್ದು ಸರ್ವೆಯವರ ಜೊತೆ. 1799ರಲ್ಲಿ ಟಿಪ್ಪು ಸುಲ್ತಾನ್ ಸತ್ತ ಮೇಲೆ ಕಂಪನಿ ಸರ್ಕಾರ ಮೈಸೂರು ಸೀಮೆಯನ್ನ ಅಳೆಸೋಕೆ ಕಾಲಿನ್ ಮೆಕೆಂಜಿಯನ್ನ ಹಚ್ಚಿತು. ಅದೇ ಹೊತ್ತಿಗೆ, 1800ರಲ್ಲಿ, ವಿಲಿಯಂ ಲ್ಯಾಂಬ್ಟನ್ ಬೆಂಗಳೂರಿನ ಹತ್ತಿರ ಉಕ್ಕಿನ ಸರಪಳಿ ಹಾಸಿ ಒಂದು ನೇರ ಗೆರೆ ಅಳೆದ. ಬಿಸಿಲಿಗೆ ಸರಪಳಿ ಎಷ್ಟು ಹಿಗ್ಗುತ್ತೆ ಅನ್ನೋದನ್ನೂ ಲೆಕ್ಕಕ್ಕೆ ಹಿಡಿದ. ಆ ಕಾಲದ ಸರ್ವೆಯವರು ರಸ್ತೆಯ ಉದ್ದಕ್ಕೆ ಮಾತ್ರ ಪೆರಾಂಬುಲೇಟರ್ ಅನ್ನೋ ಅಳತೆ ಗಾಲಿ ತಳ್ಳಿಕೊಂಡು ಹೋಗ್ತಿದ್ದರು. ಏರು ಇಳಿವು ಗುಂಡಿ ಗೊಟರಿನಲ್ಲಿ ಗಾಲಿ ಜಾಸ್ತಿ ಸುತ್ತುತ್ತೆ, ಹಾಗಾಗಿ ಬಂದ ಅಂಕಿಯಲ್ಲಿ ಸ್ವಲ್ಪ ಕಳೆಯಬೇಕು ಅನ್ನೋದು ಅವರಿಗೆ ಗೊತ್ತಿತ್ತು. ಸಾಧನವನ್ನ ನಂಬಿ, ಆದರೆ ಅದು ಎಷ್ಟು ತಪ್ಪುತ್ತೆ ಅನ್ನೋದನ್ನ ತಿಳಿದು ನಂಬಿ, ಅನ್ನೋದು ಅವರ ಕೆಲಸದ ಮೊದಲ ಪಾಠ. ನಮಗೆ ಆ ಗಾಲಿ ಬಂತು, ಪಾಠ ಬರಲಿಲ್ಲ.

ಆಮೇಲೆ ರಸ್ತೆ ಬಂತು, ರಸ್ತೆ ಪಕ್ಕ ಮೈಲಿಕಲ್ಲು ಬಂತು. ರೈಲು ಇಲ್ಲದ ನಾಡು ನಮ್ಮದು. ಚಿಕ್ಕಮಗಳೂರು ಪಟ್ಟಣಕ್ಕೇ ರೈಲು ಬಂದದ್ದು 2013ರಲ್ಲಿ, ಮೂಡಿಗೆರೆಗೆ ಕಳಸಕ್ಕೆ ಇವತ್ತಿಗೂ ಇಲ್ಲ. ಕಾಫಿ, ಏಲಕ್ಕಿ, ಗೊಬ್ಬರ, ಕಾಯಿಲೆಯವರು, ಮದುವೆ ದಿಬ್ಬಣ ಎಲ್ಲ ರಸ್ತೆಯಲ್ಲೇ. ಎರಡನೇ ಮಹಾಯುದ್ಧ ಮುಗಿದ ಮೇಲೆ ಜೀಪುಗಳು ಬಂದವು. 1940ರ ದಶಕದ ಕೊನೆಗೆ ಮಹೀಂದ್ರಾದವರು ವಿಲ್ಲೀಸ್ ಜೀಪಿನ ಬಿಡಿಭಾಗ ತರಿಸಿ ಮುಂಬೈಯಲ್ಲಿ ಜೋಡಿಸೋಕೆ ಶುರು ಮಾಡಿದರು. ಯುದ್ಧಕಾಲದ ಜೀಪಿನ ಮೀಟರ್‌ನಲ್ಲಿ ಇದ್ದದ್ದು ಮೈಲಿ, ಅದೂ ಅರವತ್ತರ ತನಕ. ಟೈರು 6.00-16.

1956ರಲ್ಲಿ ತೂಕ ಅಳತೆಯ ಹೊಸ ಕಾಯ್ದೆ ಆಯ್ತು. 1958ರ ಅಕ್ಟೋಬರ್ 1ರಿಂದ ಹಂತಹಂತವಾಗಿ ಮೆಟ್ರಿಕ್ ಪದ್ಧತಿ ಜಾರಿಗೆ ಬಂತು. ಸೇರು ಹೋಗಿ ಕೆಜಿ ಬಂತು, ಮೈಲಿ ಹೋಗಿ ಕಿಲೋಮೀಟರ್ ಬಂತು. ಹದಿನಾಲ್ಕು ಮೈಲಿ ಇದ್ದ ಮೂಡಿಗೆರೆ ಇಪ್ಪತ್ತೆರಡು ಆಯ್ತು. 'ಸರ್ಕಾರ ಊರನ್ನ ದೂರ ಮಾಡ್ತು' ಅಂತ ನಮ್ಮಜ್ಜ ನಗ್ತಿದ್ದರಂತೆ. ಅಂಕಿ ಬದಲಾದರೂ ಊರು ಕದಲಿಲ್ಲ ಅನ್ನೋದು ಎಲ್ಲರಿಗೂ ಗೊತ್ತಿತ್ತು, ಯಾಕಂದ್ರೆ ಬದಲಾವಣೆ ಎಲ್ಲರ ಕಣ್ಣೆದುರಿಗೆ ಆಗಿತ್ತು. ಇವತ್ತಿಗೂ ನಾವು ಕಿಲೋಮೀಟರ್ ಕಲ್ಲಿಗೆ ಮೈಲಿಕಲ್ಲು ಅಂತಲೇ ಅನ್ನೋದು, ಲೀಟರಿಗೆ ಎಷ್ಟು ಕಿಲೋಮೀಟರ್ ಅನ್ನೋದಕ್ಕೆ ಮೈಲೇಜ್ ಅಂತಲೇ ಅನ್ನೋದು.

ಈಗ ಮೀಟರಿನ ಒಳಗೆ ಏನಿದೆ ನೋಡೋಣ. ಮುಳ್ಳಿನ ಸ್ಪೀಡೋಮೀಟರಿಗೆ 1902ರಲ್ಲಿ ಬರ್ಲಿನ್ನಿನಲ್ಲಿ ಪೇಟೆಂಟ್ ತಗೊಂಡವನು ಓಟ್ಟೊ ಶುಲ್ಟ್ಸೆ. ಗೇರ್‌ಬಾಕ್ಸ್ ಕಡೆಯಿಂದ ಒಂದು ಕೇಬಲ್ ತಿರುಗ್ತಾ ಡ್ಯಾಶ್‌ಬೋರ್ಡಿಗೆ ಬರುತ್ತೆ. ಅದರ ತುದಿಯಲ್ಲಿ ಒಂದು ಆಯಸ್ಕಾಂತ ಗಿರಗಿರ ಸುತ್ತುತ್ತೆ. ಅದರ ಸುತ್ತ ಅಲ್ಯೂಮಿನಿಯಂ ಬಟ್ಟಲು, ಒಂದಕ್ಕೊಂದು ತಾಗೋದಿಲ್ಲ. ಆಯಸ್ಕಾಂತ ಸುತ್ತಿದಾಗ ಬಟ್ಟಲಿನಲ್ಲಿ ಸಣ್ಣ ವಿದ್ಯುತ್ ಸುಳಿ ಎದ್ದು, ಬಟ್ಟಲು ಅದರ ಹಿಂದೆ ಎಳೆದುಕೊಂಡು ಹೋಗೋಕೆ ನೋಡುತ್ತೆ. ಒಂದು ಕೂದಲೆಳೆ ಸ್ಪ್ರಿಂಗು ಅದನ್ನ ಹಿಡಿದು ನಿಲ್ಲಿಸುತ್ತೆ. ಎಷ್ಟು ಜೋರು ಸುತ್ತೋ ಅಷ್ಟು ಎಳೆತ, ಅಷ್ಟು ಮುಳ್ಳು ಮೇಲೆ. ದೂರ ತೋರಿಸೋ ಅಂಕಿಯ ಉರುಳೆಗಳು ಅದೇ ಕೇಬಲ್‌ನಿಂದ ಹಲ್ಲುಚಕ್ರದ ಮೂಲಕ ತಿರುಗುತ್ತವೆ. ಅಮೆರಿಕದ ಗಾಡಿಗಳಲ್ಲಿ ಒಂದು ಮೈಲಿಗೆ ಕೇಬಲ್ ಸಾವಿರ ಸುತ್ತು ಹೊಡೀಬೇಕು ಅನ್ನೋದು ವಾಡಿಕೆ. ಟೈರ್ ಎಷ್ಟು ದೊಡ್ಡದು ಅಂತ ನೋಡಿ, ಆ ಸಾವಿರ ಬರೋ ಹಾಗೆ ಕೇಬಲ್ಲಿನ ಬುಡದ ಪ್ಲಾಸ್ಟಿಕ್ಕೋ ಕಬ್ಬಿಣದ್ದೋ ಸಣ್ಣ ಗೇರಿಗೆ ಹಲ್ಲು ಲೆಕ್ಕ ಹಾಕಿ ಕೂರಿಸಿರ್ತಾರೆ. ಇಡೀ ಮೀಟರಿನಲ್ಲಿ ಟೈರಿನ ಅಳತೆ ಗೊತ್ತಿರೋದು ಆ ಒಂದು ಸಣ್ಣ ಗೇರಿಗೆ ಮಾತ್ರ.

ಹಳೇ ಅಡ್ಡಪದರದ ಟೈರಿನ ಲೆಕ್ಕ ಸುಲಭ. 6.00-16 ಅಂದ್ರೆ ಟೈರ್ ಆರು ಇಂಚು, ರಿಮ್ ಹದಿನಾರು ಇಂಚು. ಗೋಡೆಯ ಎತ್ತರವೂ ಹೆಚ್ಚುಕಮ್ಮಿ ಅಗಲದಷ್ಟೇ. ಆರು, ಹದಿನಾರು, ಆರು: ಒಟ್ಟು 28 ಇಂಚು. ಶಾಲೆಯಲ್ಲಿ ಕಲಿತ 22/7ರಿಂದ ಗುಣಿಸಿದರೆ ಸುತ್ತಳತೆ 88 ಇಂಚು. ಮೈಲಿಗೆ 63,360 ಇಂಚು. ಭಾಗಿಸಿದರೆ ಮೈಲಿಗೆ 720 ಸುತ್ತು. ಅದನ್ನ ತೆಗೆದು 7.00-16 ಹಾಕಿ. ಏಳು, ಹದಿನಾರು, ಏಳು: 30 ಇಂಚು. ಈಗ ಮೈಲಿಗೆ 672 ಸುತ್ತು. ಮೈಲಿಗೆ 48 ಸುತ್ತು ಕಮ್ಮಿ. ಭಾರಕ್ಕೆ ಟೈರ್ ಕೆಳಗೆ ಸ್ವಲ್ಪ ಚಪ್ಪಟೆ ಆಗೋದರಿಂದ ನಿಜದ ಅಂಕಿ ಒಂಚೂರು ಆಚೀಚೆ ಆಗುತ್ತೆ, ಆದರೆ ಎರಡರ ನಡುವಿನ ಪ್ರಮಾಣ ಹೀಗೇ ಇರುತ್ತೆ. ನಿಜವಾಗಿ ನೂರು ಕಿಲೋಮೀಟರ್ ಓಡಿದ ಗಾಡಿ 93 ಅಂತ ತೋರಿಸುತ್ತೆ.

ಈಗ ಅಪ್ಪನ ಜೀಪಿಗೆ ಬರ್ತೀನಿ.

1987. ನಮ್ಮದು ಡೀಸೆಲ್ ಜೀಪು. ತೋಟ ಇರೋದು ಕೊಟ್ಟಿಗೆಹಾರದಿಂದ ಕಳಸಕ್ಕೆ ಹೋಗೋ ದಾರಿಯಲ್ಲಿ. ಆಗ ಬೆಳೆದ ಕಾಫಿಯನ್ನೆಲ್ಲ ಕಾಫಿ ಬೋರ್ಡಿನ ಪೂಲ್‌ಗೇ ಕೊಡಬೇಕಿತ್ತು. ದುಡ್ಡು ಕಂತಿನಲ್ಲಿ ಬರ್ತಿತ್ತು, ಎಷ್ಟು ಬರುತ್ತೆ ಅಂತ ಕೊನೇ ಕಂತು ಬರೋ ತನಕ ಗೊತ್ತಿರ್ತಿರಲಿಲ್ಲ. ಪೂಲ್ ಸಡಿಲ ಆದದ್ದು ತೊಂಬತ್ತರ ದಶಕದಲ್ಲಿ. ಹಾಗಾಗಿ ಆ ವರ್ಷಗಳಲ್ಲಿ ಎಲ್ಲ ತೋಟಗಳಲ್ಲೂ ಲೆಕ್ಕ ಬಿಗಿ. ಅಪ್ಪ ಒಂದೊಂದು ಲೀಟರ್ ಡೀಸೆಲ್ ಬರೆದಿಡ್ತಿದ್ದರು. ನಾನು ಆಗ ಎಂಟನೇ ಕ್ಲಾಸು, ಲೆಕ್ಕದಲ್ಲಿ ಚುರುಕು ಅಂತ ಹೆಸರು. ತಿಂಗಳ ಕೊನೆಗೆ ಲಾಗ್‌ಬುಕ್ ಕೂಡಿಸಿ ಭಾಗಿಸೋದು ನನ್ನ ಕೆಲಸ.

ಡ್ರೈವರ್ ನಮ್ಮಲ್ಲಿಗೆ ಬಂದು ಆಗ ಒಂಬತ್ತು ವರ್ಷ. ಅವರ ಹೆಸರು ಇಲ್ಲಿ ಬರೆಯೋದಿಲ್ಲ. ಜೂನ್ ಜುಲೈ ಮಳೆಯಲ್ಲಿ ನಮ್ಮ ಒಳದಾರಿಯಿಂದ ಜೀಪು ಹತ್ತಿಸೋದು ಅವರಿಗೆ ಮಾತ್ರ ಆಗ್ತಿತ್ತು. ಆ ವರ್ಷ ಏಪ್ರಿಲ್‌ನಲ್ಲಿ, ಮಳೆಗೆ ಮುಂಚೆ, 6.00 ತೆಗೆದು 7.00 ಟೈರ್ ಹಾಕಿಸಿದರು. ಕೆಸರಿಗೆ ಒಳ್ಳೇದು ಅಂತ.

ಅದಕ್ಕೂ ಮುಂಚೆ ತಿಂಗಳಿಗೆ ಸುಮಾರು ಸಾವಿರ ಕಿಲೋಮೀಟರ್ ಓಟ, ನೂರು ಲೀಟರ್ ಡೀಸೆಲ್. ಲೀಟರಿಗೆ ಹತ್ತು. ಮೇ ತಿಂಗಳಿಂದ ಓಟ 930, 935 ಹೀಗೆ ಬರೋಕೆ ಶುರುವಾಯ್ತು. ಡೀಸೆಲ್ ಮಾತ್ರ ಅದೇ ನೂರು. ನಾನು ಭಾಗಿಸಿದೆ. 930 ಕಿಲೋಮೀಟರಿಗೆ 93 ಲೀಟರ್ ಸಾಕಿತ್ತು. ಏಳು ಲೀಟರ್ ಎಲ್ಲಿಗೆ ಹೋಯ್ತು? ಜೂನ್‌ನಲ್ಲೂ ಏಳು, ಜುಲೈಯಲ್ಲೂ ಏಳು. ಮಳೆಗಾಲ, ಗೇರ್ ಜಾಸ್ತಿ ಬೀಳುತ್ತೆ ಅಂತ ಅಪ್ಪ ಮೊದಲು ಸುಮ್ಮನಿದ್ದರು. ಮಳೆ ನಿಂತ ಮೇಲೂ ಹಾಗೇ ಬಂದಾಗ ನಾನೇ ಒಂದು ಹಾಳೆಯಲ್ಲಿ ಎಂಟು ತಿಂಗಳದ್ದು ಸಾಲಾಗಿ ಬರೆದು, ಕೆಳಗೆ ಗೆರೆ ಎಳೆದು, ಒಟ್ಟು ಐವತ್ತು ಲೀಟರಿಗೂ ಮೇಲೆ ಅಂತ ತೋರಿಸಿದೆ. ಅಪ್ಪ ನನ್ನ ಬೆನ್ನು ತಟ್ಟಿದರು. ಆ ಹಾಳೆ ಲಾಗ್‌ಬುಕ್ಕಿನ ಒಳಗೇ ಇದೆ, ನನ್ನದೇ ಅಕ್ಷರ.

ಜಗಳ ಏನೂ ಆಗಲಿಲ್ಲ. ಅಪ್ಪ ಕರೆದು ಕೇಳಿದರು. ಅವರು ಇಲ್ಲ ಅಯ್ಯಾ ಅಂದರು. ಅಪ್ಪ ಹಾಳೆ ತೋರಿಸಿದರು. ಅವರಿಗೆ ಓದು ಅಷ್ಟಕ್ಕಷ್ಟೇ. ಹಾಳೆಯನ್ನ ನೋಡಿ, ನನ್ನ ಮುಖ ನೋಡಿ, ಸುಮ್ಮನೆ ಹೋದರು. ಕೊಯ್ಲು ಮುಗಿಯೋ ತನಕ ಇದ್ದು ಕೆಲಸ ಬಿಟ್ಟರು. ಆಮೇಲೆ ಯಾರಾದರೂ ಅವರ ಬಗ್ಗೆ ವಿಚಾರಿಸಿದರೆ ಅಪ್ಪ, 'ಡ್ರೈವಿಂಗ್ ಬಹಳ ಒಳ್ಳೇದು. ಡೀಸೆಲ್ ಲೆಕ್ಕ ಮಾತ್ರ ನೀವೇ ನೋಡ್ಕೊಳ್ಳಿ' ಅಂತಿದ್ದರು. ನಮ್ಮ ಕಡೆ ಒಂದು ತೋಟದಲ್ಲಿ ಹೇಳಿದ ಮಾತು ಇನ್ನೊಂದು ತೋಟಕ್ಕೆ ಹೋಗೋಕೆ ಎಷ್ಟು ಹೊತ್ತು ಬೇಕು?

ಮೊನ್ನೆ ಅಟ್ಟದಿಂದ ಆ ಪುಸ್ತಕ ಇಳಿಸಿ ಕೂತೆ. ಗೆದ್ದಲು ಅಂಚು ತಿಂದಿತ್ತು, ಅಂಕಿ ಚೆನ್ನಾಗಿಯೇ ಇತ್ತು. ನಾಲ್ಕು ಕಾಲಂ: ತಾರೀಖು, ಎಲ್ಲಿಗೆ, ಕಿಲೋಮೀಟರ್, ಡೀಸೆಲ್. ಆಗ ನಾನು ನೋಡ್ತಿದ್ದದ್ದು ಕೊನೆಯ ಎರಡು ಕಾಲಂ ಮಾತ್ರ. ಈ ಸಲ ಎರಡನೇ ಕಾಲಂ ಓದಿದೆ. 'ಮೂಡಿಗೆರೆ, ವಾಪಸ್' ಅಂತ ವಾರಕ್ಕೆ ಎರಡು ಮೂರು ಸಲ ಇದೆ. ಜನವರಿಯಲ್ಲಿ ಅದರ ಮುಂದೆ 44. ಫೆಬ್ರವರಿಯಲ್ಲಿ 44. ಮಾರ್ಚ್‌ನಲ್ಲಿ 44, ಒಂದು ಕಡೆ 45. ಏಪ್ರಿಲ್ ಮೂರನೇ ವಾರದಿಂದ 41. ಆಮೇಲೆ ಪುಸ್ತಕ ಮುಗಿಯೋ ತನಕ 41.

ರಸ್ತೆ ಅದೇ. ಕಲ್ಲು ಅವೇ. ನಮ್ಮ ಮನೆಯೂ ಕದಲಿಲ್ಲ, ಮೂಡಿಗೆರೆಯೂ ಕದಲಿಲ್ಲ. ಹೋಗಿ ಬರೋ ದಾರಿ ಮೂರು ಕಿಲೋಮೀಟರ್ ಕಮ್ಮಿ ಆಗಿದೆ ಅಂತ ನನ್ನ ಕೈಯಲ್ಲೇ ಇದ್ದ ಪುಸ್ತಕದಲ್ಲಿ ನೂರಾರು ಸಲ ಬರೆದಿತ್ತು. ಬರೆದದ್ದು ಅದೇ ಡ್ರೈವರ್, ಮೀಟರ್ ತೋರಿಸಿದ್ದನ್ನ ಹಾಗೇ ಬರೆದಿದ್ದರು. ಕಳ್ಳನಾಗಿದ್ದರೆ 44 ಅಂತಲೇ ಬರೀತಿದ್ದರು, ಲೆಕ್ಕ ಸರಿಹೋಗ್ತಿತ್ತು. ಇದನ್ನ ಯೋಚಿಸ್ತಾ ಅಟ್ಟದ ಏಣಿಯ ಮೇಲೇ ಬಹಳ ಹೊತ್ತು ಕೂತಿದ್ದೆ.

ಆಗ ಸರಿ ಮಾಡೋದು ಕಷ್ಟ ಇತ್ತಾ? ಇಲ್ಲ. ಕೇಬಲ್ ಬುಡದ ಆ ಸಣ್ಣ ಗೇರ್ ಬದಲಿಸಬೇಕಿತ್ತು. ಉದಾಹರಣೆಗೆ ಹದಿನಾರು ಹಲ್ಲಿನ ಗೇರ್ ತೆಗೆದು ಹದಿನೈದು ಹಲ್ಲಿನದು ಹಾಕಿದರೆ ಕೇಬಲ್ ನೂರಕ್ಕೆ ಆರೂಮುಕ್ಕಾಲಿನಷ್ಟು ಜೋರಾಗಿ ಸುತ್ತುತ್ತೆ. 7.00 ಟೈರಿನ ತಪ್ಪು ನೂರಕ್ಕೆ ಏಳು. ಹೆಚ್ಚುಕಮ್ಮಿ ಸರಿಹೋಗುತ್ತೆ. ಗೇರ್ ಸಿಗದಿದ್ದರೂ ಚಿಂತೆ ಇರಲಿಲ್ಲ, ಪುಸ್ತಕದ ಮೊದಲ ಪುಟದಲ್ಲಿ 'ಟೈರ್ ಬದಲಿಸಿದೆ, ನೂರಕ್ಕೆ ಏಳು ಕೂಡಿಸಿ' ಅಂತ ಒಂದು ಸಾಲು ಬರೆದಿದ್ದರೆ ಆಗ್ತಿತ್ತು.

ಇನ್ನೊಂದು ವಿಷಯ. ಎಷ್ಟೋ ಜನ, 'ನಾನು ದೊಡ್ಡ ಟೈರ್ ಹಾಕಿಸಿದೆ, ಫೋನ್ ಜಿಪಿಎಸ್‌ನಲ್ಲಿ ನೋಡಿದೆ, ಸ್ಪೀಡ್ ಸರಿಯಾಗೇ ಇದೆಯಲ್ಲ' ಅಂತಾರೆ. ಅದಕ್ಕೂ ಕಾರಣ ಇದೆ. ಸ್ಪೀಡಿನ ಮುಳ್ಳನ್ನ ಕಂಪನಿಯವರು ಬೇಕಂತಲೇ ಸ್ವಲ್ಪ ಜಾಸ್ತಿ ತೋರಿಸೋ ಹಾಗೆ ಇಟ್ಟಿರ್ತಾರೆ. ವಿಶ್ವಸಂಸ್ಥೆಯ ವಾಹನ ನಿಯಮಗಳಲ್ಲಿ 39ನೇದು ಇದರದ್ದೇ: ಮುಳ್ಳು ನಿಜದ ವೇಗಕ್ಕಿಂತ ಕಮ್ಮಿ ತೋರಿಸಲೇಬಾರದು, ಜಾಸ್ತಿ ತೋರಿಸಿದರೆ ನೂರಕ್ಕೆ ಹತ್ತು ಮತ್ತು ಅದರ ಮೇಲೆ ನಾಲ್ಕು ಕಿಲೋಮೀಟರ್ ತನಕ ಅಡ್ಡಿಯಿಲ್ಲ. ಹಾಗಾಗಿ ಟೈರ್ ದೊಡ್ಡದಾದಾಗ ಮುಳ್ಳು ಸತ್ಯಕ್ಕೆ ಹತ್ತಿರ ಬಂದ ಹಾಗೆ ಕಾಣುತ್ತೆ. ದೂರದ ಅಂಕಿಗೆ ಆ ರೀತಿಯ ರಿಯಾಯಿತಿ ಇಟ್ಟಿರೋದಿಲ್ಲ, ಅದು ನೇರವಾಗಿ ತಪ್ಪುತ್ತೆ. ಒಂದೇ ಡಬ್ಬಿಯ ಒಳಗೆ ಒಂದು ಸರಿ ಆಗಿ ಇನ್ನೊಂದು ತಪ್ಪಬಹುದು. ಟೈರ್ ಬದಲಿಸದಿದ್ದರೂ, ಸವೆದು ಎಂಟು ಮಿಲಿಮೀಟರ್ ಗೆರೆ ಹೋದರೆ ವ್ಯಾಸ ಹದಿನಾರು ಮಿಲಿಮೀಟರ್ ಇಳೀತು. ನೂರಕ್ಕೆ ಎರಡು ಅಲ್ಲೇ ಹೋಯ್ತು, ಅದು ತಿರುಗಾಮುರುಗ. ಸವೆದ ಟೈರಿನಲ್ಲಿ ಗಾಡಿ ಓಡಿದ್ದಕ್ಕಿಂತ ಜಾಸ್ತಿ ತೋರಿಸುತ್ತೆ.

ನನ್ನ ಪಿಕಪ್ಪಿಗೆ ಏನು ಮಾಡಿದೆ ಅಂತ ಕೇಳ್ತೀರಿ. ಈಗಿನ ಗಾಡಿಗಳಲ್ಲಿ ಕೇಬಲ್ ಇಲ್ಲ, ಸೆನ್ಸರ್. ಟೈರಿನ ಅಳತೆ ಕಂಪ್ಯೂಟರಿನೊಳಗೆ ಒಂದು ಅಂಕಿಯಾಗಿ ಇರುತ್ತೆ. ಕೆಲವು ಗಾಡಿಗಳಲ್ಲಿ ಸ್ಕ್ಯಾನರ್ ಹಾಕಿ ಅದನ್ನ ಬದಲಿಸಬಹುದು, ಕೆಲವದರಲ್ಲಿ ಸೆನ್ಸರ್ ತಂತಿಯ ನಡುವೆ ಸಣ್ಣ ಡಬ್ಬಿ ಕೂರಿಸ್ತಾರೆ. ಅದೇ ಸೆನ್ಸರ್‌ನಿಂದ ಬ್ರೇಕಿನ ಎಬಿಎಸ್ ಕೂಡ ಕೆಲಸ ಮಾಡೋ ಗಾಡಿಗಳಿವೆ, ಹಾಗಾಗಿ ತಿಳಿದವರ ಕೈಗೆ ಮಾತ್ರ ಕೊಡಿ. ಅಳತೆ ಸರಿಮಾಡೋದು ಬೇರೆ, ಓಡಿದ ಕಿಲೋಮೀಟರ್ ಹಿಂದಕ್ಕೆ ತಿರುಗಿಸೋದು ಬೇರೆ. ಎರಡನೇದು ಮೋಸ. ನಾನು ಡಬ್ಬಿ ಹಾಕಿಸಲಿಲ್ಲ. ಲಾಗ್‌ಬುಕ್ಕಿನ ಮೊದಲ ಪುಟದಲ್ಲಿ ಕೆಂಪಿನಲ್ಲಿ ಬರೆದೆ: ಟೈರ್ ಬದಲಿಸಿದ ತಾರೀಖು, ಆ ದಿನದ ಮೀಟರ್, ಮುಂದಿನ ಎಲ್ಲ ಓಟಕ್ಕೂ ನೂರಕ್ಕೆ ನಾಲ್ಕು ಕೂಡಿಸಿ. ಆ ಹುಡುಗನನ್ನ ಪಕ್ಕ ಕೂರಿಸಿಕೊಂಡೇ ಬರೆದೆ. ಹನ್ನೆರಡು ಮತ್ತೆ ಹನ್ನೆರಡೂವರೆ ಆಯ್ತು. ಅವನ ಮೇಲೆ ನನಗೆ ಅನುಮಾನ ಬಂದಿತ್ತು ಅನ್ನೋದನ್ನೂ ಹೇಳಿದೆ. 'ಗೊತ್ತಾಗಿತ್ತು ಅಣ್ಣ' ಅಂದ.

ನೀವು ನೋಡೋದಾದರೆ ಹೀಗೆ ನೋಡಿ. ಟೈರಿಗೆ ಗಾಳಿ ಸರಿಯಾಗಿ ಹಾಕಿಸಿ, ಅಂಗಳದಲ್ಲಿ ಟೈರ್ ನೆಲ ಮುಟ್ಟೋ ಜಾಗಕ್ಕೆ ಸೀಮೆಸುಣ್ಣದ ಗುರುತು, ನೆಲಕ್ಕೂ ಗುರುತು. ಗಾಡಿಯನ್ನ ನೇರ ತಳ್ಳಿ, ಹತ್ತು ಸುತ್ತು ಆದ ಮೇಲೆ ಟೇಪು ಹಿಡಿಯಿರಿ. ಒಂದು ಸುತ್ತಿನಲ್ಲಿ ತಪ್ಪೋದು ಹತ್ತರಲ್ಲಿ ಸರಿಹೋಗುತ್ತೆ. ಆಮೇಲೆ ರಸ್ತೆಯಲ್ಲಿ ಹತ್ತು ಕಲ್ಲಿಗೆ ಮೀಟರ್ ಎಷ್ಟು ತೋರಿಸುತ್ತೆ ನೋಡಿ. ಒಂದು ಕಲ್ಲು ನಂಬಬೇಡಿ, ರಸ್ತೆ ಅಗಲ ಮಾಡುವಾಗ ಕಲ್ಲು ಕಿತ್ತು ಆಚೀಚೆ ನೆಟ್ಟಿರ್ತಾರೆ. ಜಿಪಿಎಸ್‌ನಲ್ಲಿ ನೋಡೋದಾದರೆ ಚಾರ್ಮಾಡಿಯ ತಿರುವುಗಳಲ್ಲಿ ಬೇಡ, ಅದು ಮೂಲೆ ಕತ್ತರಿಸಿ ದೂರ ಕಮ್ಮಿ ತೋರಿಸುತ್ತೆ. ಕಡೂರು ಕಡೆ ಹೋದಾಗ ನೇರ ರಸ್ತೆಯಲ್ಲಿ ನೋಡಿ. ಮತ್ತೆ, ದೊಡ್ಡ ಟೈರ್ ಹಾಕಿಸೋ ಮುಂಚೆ ಗಾಡಿಯ ಪುಸ್ತಕದಲ್ಲಿ ಆ ಅಳತೆಗೆ ಒಪ್ಪಿಗೆ ಇದೆಯಾ ಅಂತಲೂ ನೋಡಿಕೊಳ್ಳಿ. ಕಿಲೋಮೀಟರ್ ಲೆಕ್ಕದಲ್ಲಿ ಬಾಡಿಗೆ ಓಡಿಸೋರು ಪ್ರತಿ ನೂರಕ್ಕೆ ನಾಲ್ಕು ಪುಕ್ಕಟೆ ಓಡಿಸ್ತಿರಬಹುದು. ಎಂಜಿನ್ ಆಯಿಲ್ ಬದಲಿಸೋದೂ ತಡ ಆಗ್ತಿರುತ್ತೆ.

ಕೊನೆಗೆ, ಆ ಡ್ರೈವರ್ ವಿಷಯ. ಕಳಸದ ಆಚೆ ಮಗಳ ಮನೆಯಲ್ಲಿ ಇದ್ದಾರೆ ಅಂತ ಗೊತ್ತಾಯ್ತು. ಹೋದ ಭಾನುವಾರ ಲಾಗ್‌ಬುಕ್ ಹಿಡ್ಕೊಂಡು ಹೋದೆ. ಎಂಬತ್ತರ ಹತ್ತಿರ ವಯಸ್ಸು, ಕಣ್ಣು ಮಂಜು. ಗುರುತು ಹಿಡಿದರು. ಕಾಫಿ ಕೊಟ್ಟರು. ನಾನು ಪುಸ್ತಕ ತೆಗೆದು 44, 41 ಎಲ್ಲ ಓದಿ ಹೇಳಿದೆ. ಟೈರಿನ ಲೆಕ್ಕ ಹೇಳಿದೆ. ಅಪ್ಪ ತೀರಿಕೊಂಡು ಆರು ವರ್ಷ ಆಯ್ತು, ಅವರ ಪರವಾಗಿಯೂ ನನ್ನ ಪರವಾಗಿಯೂ ತಪ್ಪಾಯ್ತು ಅಂದೆ.

ಅವರು ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ, 'ಆ ಟೈರ್ ಹಾಕಿಸೋಣ ಅಂತ ಹೇಳಿದ್ದು ನಾನೇ. ನಿಮ್ಮಮ್ಮನ್ನ ಆಸ್ಪತ್ರೆಗೆ ಕರ್ಕೊಂಡು ಹೋಗುವಾಗ ಹೋದ ಮಳೇಲಿ ಹೂತುಕೊಂಡಿತ್ತಲ್ಲ, ಅದಕ್ಕೆ' ಅಂದರು. ಮಗಳು ಒಳಗಿಂದ ಬಂದು ಬಾಗಿಲಲ್ಲಿ ನಿಂತಿದ್ದಳು. ಅವಳ ಕಡೆ ತಿರುಗಿ, 'ಇನ್ನೊಂದ್ ಸಲ ಹೇಳಿ, ಅವಳೂ ಕೇಳಲಿ' ಅಂದರು. ಮತ್ತೆ ಮೊದಲಿಂದ ಹೇಳಿದೆ.

ಪುಸ್ತಕ ಅಲ್ಲೇ ಕೊಟ್ಟು ಬಂದೆ. ನಿಮ್ಮ ಮನೆ ಅಟ್ಟದಲ್ಲೂ ಇಂಥ ಪುಸ್ತಕ ಇದ್ದರೆ ಒಮ್ಮೆ ಇಳಿಸಿ ನೋಡಿ. 'ಎಲ್ಲಿಗೆ' ಅನ್ನೋ ಕಾಲಂ ಮೊದಲು ಓದಿ.